ಕಾರಿಯೆಯ ಹೆಣ್ಣುಗಂಬಗಳು

"ಬುದ್ಧಿ, ಹೆಣ್ಣಿನ ರೂಪದ ಕಂಬಕ್ಕೆ ಇಂಗ್ಲಿಷಿನವರು ಕ್ಯಾರಿಯಾಟಿಡ್ ಅನ್ನುತ್ತಾರೆ. ನಮ್ಮ ಗುಡಿಗಳ ಮದನಿಕೆಯರು ಕುಣಿಯುತ್ತಾರೆ, ಕನ್ನಡಿ ನೋಡಿಕೊಳ್ಳುತ್ತಾರೆ. ಈ ಕಂಬದ ಹೆಂಗಸರು ತಲೆಯ ಮೇಲೆ ಚಾವಣಿ ಹೊತ್ತು ನಿಂತಿದ್ದಾರೆ. ಆ ಹೆಸರಿನ ಅರ್ಥವೇನು?" ಎಂದು ಶಿಷ್ಯ ಕೇಳಿದ.

"ಕಾರಿಯೆ ಎಂಬ ಊರಿನ ಹೆಣ್ಣು ಎಂದು ಅರ್ಥ. ಹಳಬರು ಹೇಳುವ ಸಂಗತಿ, ಕೇಳು ಮರಿ," ಎಂದು ಗುರುಗಳು ಕತೆ ತೆಗೆದರು.

ನೂರು ಡೇರೆಗಾಗುವಷ್ಟು ಬಟ್ಟೆ ಕೊಡುವುದು, ಊರು ಉಳಿಸಿಕೊಳ್ಳುವುದು. ವ್ಯವಹಾರ ಅಷ್ಟೇ. ಗ್ರೀಕರ ನಾಡಿನ ಮೇಲೆ ಪರದೇಶದ ದೊರೆ ದಂಡೆತ್ತಿ ಬಂದಾಗ ಕಾರಿಯೆಯ ಒಬ್ಬ ಬಟ್ಟೆ ವ್ಯಾಪಾರಿ ಅವನೊಡನೆ ಇದನ್ನು ಕುದುರಿಸಿದ. ಊರಿನ ಹಿರಿಯರು ಹಿಂದೆಮುಂದೆ ನೋಡಿದರು.

"ನಮ್ಮ ನಾಡಿನವರೇ ಗೆದ್ದುಬಿಟ್ಟರೆ?"

"ಗೆದ್ದೆತ್ತಿನ ಬಾಲವನ್ನು ಎಲ್ಲರೂ ಹಿಡಿಯುತ್ತಾರೆ. ಗೆಲ್ಲುವ ಮೊದಲೇ ಹಿಡಿದವನಿಗೆ ಲಾಭ," ಎಂದ ವ್ಯಾಪಾರಿ. ಮನೆಯಲ್ಲಿ ಮದುವೆ ಗೊತ್ತಾದ ಮಗಳಿದ್ದಳು. ಅವಳ ಕೂದಲೂ ಕೊಂಕಬಾರದು ಎಂಬುದೇ ಅವನ ಎಣಿಕೆ.

ಆ ಎತ್ತು ಸೋತಿತು. ವ್ಯಾಪಾರಿ ಸರಕು ತರಲು ದೂರ ಹೋಗಿದ್ದಾಗ ಸ್ವಂತ ನಾಡಿನ ದಂಡೇ ಊರಿಗೆ ನುಗ್ಗಿತು. ಗಂಡಸರನ್ನು ಕಡಿದರು. ಹೆಂಗಸರನ್ನು ಹೊರೆ ಹೊರಲು ಹಿಡಿದೊಯ್ದರು. ಉಟ್ಟ ಒಳ್ಳೆಯ ಬಟ್ಟೆ ಬದಲಿಸಲು ಬಿಡಲಿಲ್ಲ. ಎಂಥ ಮನೆಯವರು ತೊತ್ತಾದರೆಂದು ನೋಡಿದವರಿಗೆ ತಿಳಿಯಬೇಕಲ್ಲ. ಮುಂದೆ ಹುಟ್ಟುವವರಿಗೂ ತಿಳಿಯಲಿ ಎಂದು ಅವರನ್ನು ಕಲ್ಲಿನಲ್ಲಿ ಕೆತ್ತಿಸಿ, ಮಂಟಪದ ಚಾವಣಿ ಹೊರಿಸಿದರು.

ವ್ಯಾಪಾರಿ ಮಗಳನ್ನು ಹನ್ನೊಂದು ವರ್ಷ ಹುಡುಕಿದ. ಹೊರೆ ಹೊತ್ತೇ ಸತ್ತಳೆಂದು ಗೊತ್ತಾಯಿತು. ಕಲ್ಲಿನಲ್ಲಾದರೂ ನೋಡೋಣವೆಂದು ಮಂಟಪಕ್ಕೆ ಬಂದ. ಆರು ಕಂಬ, ಆರಕ್ಕೂ ಒಂದೇ ಮುಖ. ಬಟ್ಟೆಯ ನೆರಿಗೆ ನೋಡಿದ. ನೆರಿಗೆ ಬಿದ್ದ ರೀತಿಯಲ್ಲೇ ನೇಯ್ಗೆ ಯಾವುದೆಂದು ಹೇಳುವ ಕಣ್ಣು ಅವನದು. ಆರೂ ಅವನ ಅಂಗಡಿಯ ಬಟ್ಟೆಯೇ.

"ಇವರಲ್ಲಿ ನನ್ನ ಮಗಳು ಯಾರಪ್ಪ?" ಎಂದು ಅಲ್ಲಿದ್ದ ಶಿಲ್ಪಿಯನ್ನು ಕೇಳಿದ.

"ನನಗೇನು ಗೊತ್ತು ಯಜಮಾನರೇ. ಊರನ್ನು ಕೆತ್ತು ಅಂದರು, ಕೆತ್ತಿದೆ."

"ಒಂದು ಗಳಿಗೆಯಾದರೂ ಆ ಭಾರ ಇಳಿಸಲಾಗದೆ?"

"ಇಳಿಸಿದರೆ ಚಾವಣಿ ಬೀಳುತ್ತದೆ. ಕೆಳಗೆ ಜನ ಕೂತಿರುವುದು ಕಾಣುವುದಿಲ್ಲವೇ?"

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಆಮೇಲೆ ವ್ಯಾಪಾರಿ ಏನು ಮಾಡಿದ, ಬುದ್ಧಿ?" ಎಂದ ಶಿಷ್ಯ.

"ಬಿಸಿಲು ಜೋರಿತ್ತು ಮರಿ, ಅವನೂ ಆ ಚಾವಣಿಯ ನೆರಳಿಗೇ ಹೋಗಿ ಕೂತ, ಅವನಿಗೆ ದಕ್ಕಿದ್ದು ಅದೊಂದೇ."