ತಪ್ಪಿನ ಗಂಟೆ

ಮಠದ ಆರೈಕೆ ಮನೆಯ ಹೊಣೆ ಹೊತ್ತಿದ್ದ ಶಿಷ್ಯ ಅಡಿವೆಯ್ಯ ಗುರುಗಳ ಬಳಿಗೆ ಬಂದು ಕೇಳಿದ:

"ಗುರುಗಳೇ, ಯಾರ ಕೈಯಿಂದ ತಪ್ಪಾದರೂ ಕೂಡಲೇ ಬಾರಿಸಲಿ ಎಂದು ಆರೈಕೆ ಮನೆಯ ನಡುಗಂಬಕ್ಕೆ ಗಂಟೆ ಕಟ್ಟಿಸಿದ್ದಿರಿ. ಮೂರು ತಿಂಗಳಿಂದ ಅದು ಒಮ್ಮೆಯೂ ಸದ್ದು ಮಾಡಿಲ್ಲ. ಅದನ್ನು ಇಳಿಸಿ ದಾಸೋಹದ ಮನೆಗೆ ಕೊಡಬಹುದೇ? ಊಟಕ್ಕೆ ಕರೆಯಲು ಅವರಿಗೆ ಒಂದು ಗಂಟೆ ಬೇಕಂತೆ."

"ಮೂರು ತಿಂಗಳಲ್ಲಿ ಒಂದೂ ತಪ್ಪಾಗಲಿಲ್ಲವೋ?" ಎಂದರು ಗುರುಗಳು.

"ಇಲ್ಲ. ತಪ್ಪಿದವರ ಹೆಸರನ್ನು ಸಂಜೆಯ ಭಜನೆಯಲ್ಲಿ ಎಲ್ಲರೆದುರು ಕೂಗಿಸತೊಡಗಿದೆ. ಎರಡು ಸಲ ಕೂಗಿಸಿದ್ದೇ ತಡ, ಎಲ್ಲರೂ ನೆಟ್ಟಗಾದರು."

"ಹನ್ನೆರಡು ಮಂಚ, ಆರು ಜನ ಆರೈಕೆಯವರು, ಮೂರು ತಿಂಗಳು, ಒಂದೂ ತಪ್ಪಿಲ್ಲ. ದೇವರಿಗೂ ಆಗದ ಕೆಲಸವನ್ನು ಮಾಡಿದ್ದೀಯೆ. ಕೂತುಕೋ. ಒಂದು ಕತೆ ಕೇಳು, ಆಮೇಲೆ ಗಂಟೆ ಇಳಿಸುವೆಯಂತೆ."

ಅಡಿವೆಯ್ಯ ಕೂತ. ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ವರ್ತಕ ದಿಕ್ಕಿಲ್ಲದ ರೋಗಿಗಳಿಗಾಗಿ ಒಂದು ಮನೆ ಕಟ್ಟಿಸಿದ. ಅದನ್ನು ಒಬ್ಬ ಮುದಿ ವೈದ್ಯನಿಗೆ ಒಪ್ಪಿಸಿದ. ವೈದ್ಯ ಬಂದವನೇ ಮೊದಲು ಮದ್ದು ಕೇಳಲಿಲ್ಲ, ಮಂಚ ಕೇಳಲಿಲ್ಲ, ಒಂದು ಗಂಟೆ ಕೇಳಿದ. ಅದನ್ನು ನಡುಗಂಬಕ್ಕೆ ಕಟ್ಟಿದ. ಆರೈಕೆಯವರನ್ನೆಲ್ಲ ಕರೆದು ಹೇಳಿದ: "ಒಬ್ಬರ ಮದ್ದು ಇನ್ನೊಬ್ಬರಿಗೆ ಹೋದರೆ, ಒಬ್ಬರಿಗೇ ಎರಡು ಸಲ ಹೋದರೆ, ಎತ್ತುವಾಗ ರೋಗಿ ಕೈಜಾರಿದರೆ, ಬಾರಿಸಿ. ತಪ್ಪು ಆಗುವುದರಲ್ಲಿತ್ತು, ಆಗಲಿಲ್ಲ ಎಂದಾದರೂ ಬಾರಿಸಿ. ಬಾರಿಸಿದವರನ್ನು ಈ ಮನೆಯಲ್ಲಿ ಯಾರೂ ಬೈಯುವ ಹಾಗಿಲ್ಲ."

ಗಂಟೆ ಕೇಳಿದರೆ ಎಲ್ಲರೂ ಕೈಯಲ್ಲಿದ್ದುದನ್ನು ಬಿಟ್ಟು ಓಡಿ ಬರುತ್ತಿದ್ದರು. ಮೊದಲು ರೋಗಿಯನ್ನು ನೋಡುತ್ತಿದ್ದರು. ಆಮೇಲೆ ಒಟ್ಟಿಗೆ ಕೂತು ಅದು ಹೇಗಾಯಿತು ಎಂದು ಮಾತಾಡುತ್ತಿದ್ದರು. ಬಚ್ಚಲಲ್ಲಿ ಒಬ್ಬಳು ಜಾರಿದಾಗ ಅಲ್ಲಿಗೆ ಒರಟು ಕಲ್ಲು ಬಂತು. ಆ ಮನೆಯಲ್ಲಿ ಎರಡು ಭರಣಿಗಳಿದ್ದವು. ಒಂದರಲ್ಲಿ ಜ್ವರಕ್ಕೆ ಕುಡಿಸುವ ಕಷಾಯ, ಇನ್ನೊಂದರಲ್ಲಿ ಕೀಲುನೋವಿಗೆ ಮೇಲೆ ಹಚ್ಚುವ ಮದ್ದು. ಎರಡೂ ಕಪ್ಪು, ಎರಡೂ ನೀರಿನಂತೆ ತೆಳು. ಹಚ್ಚುವ ಮದ್ದು ಹೊಟ್ಟೆಗೆ ಹೋದರೆ ಮೊದಲು ನಾಲಗೆ ಸಾಯುತ್ತದೆ, ಆಮೇಲೆ ಕೈಕಾಲು, ಕೊನೆಗೆ ಉಸಿರು. ಒಮ್ಮೆ ಒಬ್ಬರ ಕೈ ತಪ್ಪು ಭರಣಿಗೆ ಹೋಗಿ ಹಿಂದೆ ಬಂತು. ಗಂಟೆ ಬಾರಿಸಿತು. ಅಂದೇ ಹಚ್ಚುವ ಮದ್ದಿನ ಭರಣಿಯ ಕುತ್ತಿಗೆಗೆ ದಪ್ಪ ಕೆಂಪು ದಾರ ಕಟ್ಟಿದರು. ಕತ್ತಲಲ್ಲೂ ಬೆರಳಿಗೆ ತಿಳಿಯುವಂಥ ದಾರ.

ವಾರಕ್ಕೆ ಮೂರು ನಾಲ್ಕು ಸಲ ಗಂಟೆ ಬಾರಿಸುತ್ತಿತ್ತು. ಊರ ಬಾಯಿಗೆ ಮುಚ್ಚಳ ಉಂಟೇ? 'ತಪ್ಪಿನ ಮನೆ' ಎಂದು ನಗುತ್ತಿದ್ದರು. ನಕ್ಕವರೇ ಕಾಯಿಲೆ ಬಿದ್ದಾಗ ಅಲ್ಲಿಗೇ ಬರುತ್ತಿದ್ದರು.

ಮುದಿ ವೈದ್ಯ ಸತ್ತ. ವರ್ತಕ ಒಬ್ಬ ಪಾರುಪತ್ಯಗಾರನನ್ನು ನೇಮಿಸಿದ. ಅವನನ್ನು ಕೆಟ್ಟವನೆಂದು ತಿಳಿಯಬೇಡ. ಕಳ್ಳನಲ್ಲ, ಸೋಮಾರಿಯಲ್ಲ. ನಿನ್ನ ಹಾಗೇ ಬೆಳಗಾಗುವ ಮೊದಲೇ ಎದ್ದು ನೆಲ ಒರೆಸಿಸುತ್ತಿದ್ದ. ಆದರೆ ಊರವರ ನಗು ಅವನಿಗೆ ಮುಳ್ಳಾಗಿತ್ತು. ಗಂಟೆ ಬಾರಿಸಿದಾಗಲೆಲ್ಲ ಅವನ ಮುಖ ಕಪ್ಪಿಡುತ್ತಿತ್ತು. ಒಂದು ದಿನ ಕಟ್ಟಪ್ಪಣೆ ಮಾಡಿದ: ತಪ್ಪು ಮಾಡಿದವರು ದೀಪ ಹಚ್ಚುವವರೆಗೂ ಕಂಬದ ಬಳಿ ನಿಲ್ಲಬೇಕು. ಮೂರು ಸಲ ನಿಂತವರು ಮನೆ ಬಿಟ್ಟು ಹೊರಡಬೇಕು.

"ನಾನು ಯಾರನ್ನೂ ಕಂಬಕ್ಕೆ ನಿಲ್ಲಿಸಿಲ್ಲ, ಗುರುಗಳೇ," ಎಂದ ಅಡಿವೆಯ್ಯ.

"ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡೆಯಲ್ಲ. ನಿನ್ನ ಮಾತು ಯಾರು ಎತ್ತಿದರು? ಕತೆ ಕೇಳು."

ಮೊದಲ ತಿಂಗಳು ಗಂಟೆ ನಾಲ್ಕು ಸಲ ಬಾರಿಸಿತು. ಎರಡನೆಯ ತಿಂಗಳು ಒಮ್ಮೆ. ಆಮೇಲೆ ಇಲ್ಲ. ಗಾಳಿಗೆ ಅಲುಗಿ ಸದ್ದಾದರೆ ದಾರಿಹೋಕರು ತಪ್ಪು ತಿಳಿದಾರು ಎಂದು ಪಾರುಪತ್ಯಗಾರ ಅದರ ನಾಲಗೆಗೆ ಬಟ್ಟೆ ಸುತ್ತಿಸಿದ. ವರ್ತಕ ಬಂದು ನೋಡಿ ಮೆಚ್ಚಿ ಅವನಿಗೆ ಶಾಲು ಹೊದಿಸಿದ.

ಶಾಲು ಹೊದ್ದವನಿಗೆ ಕಾಣದ್ದು ಒಂದಿತ್ತು. ತಪ್ಪುಗಳು ನಿಂತಿರಲಿಲ್ಲ. ಬಿದ್ದ ಮುದುಕನ ಮೊಣಕೈಗೆ ಅರಿಶಿನ ಹಚ್ಚಿ, ಮೇಲೆ ಹೊದಿಕೆ ಎಳೆದು, "ಯಾರಿಗೂ ಹೇಳ್ಬೇಡ ಅಜ್ಜ, ನಿನ್ನ ಕಾಲಿಗೆ ಬೀಳ್ತೀನಿ" ಎನ್ನುತ್ತಿದ್ದರು ಆರೈಕೆಯವರು. ಎರಡು ಸಲ ಮದ್ದು ಕುಡಿದವಳು ರಾತ್ರಿಯೆಲ್ಲ ವಾಂತಿ ಮಾಡಿದರೆ, ಊಟ ಒಗ್ಗಲಿಲ್ಲ ಎಂದರು. ಅವರೂ ಕೆಟ್ಟವರಲ್ಲ. ಹೆದರಿದವರು.

ಭರಣಿಯ ಕೆಂಪು ದಾರ ಹಳತಾಗಿ ಒಂದು ದಿನ ಕಳಚಿ ಬಿತ್ತು. ಅದನ್ನು ಯಾರೂ ಗಮನಿಸಲಿಲ್ಲ. ಮೂರನೆಯ ದಿನ ನೀರು ಹೊರುವವನು ಜ್ವರದವಳೊಬ್ಬಳಿಗೆ ಕಷಾಯ ಕೊಡಲು ಹೋದ. ಬಟ್ಟಲು ಅವಳ ತುಟಿಯ ಬಳಿ ಬಂದಾಗ ಬೇರೆ ವಾಸನೆ ಹತ್ತಿತು. ಬಟ್ಟಲನ್ನು ಹಿಂದಕ್ಕೆಳೆದು ಹಿತ್ತಿಲಿಗೆ ಚೆಲ್ಲಿದ. ಭರಣಿಯ ಕುತ್ತಿಗೆ ಮುಟ್ಟಿ ನೋಡಿದ, ದಾರವಿರಲಿಲ್ಲ. ಗಂಟೆಯತ್ತ ನೋಡಿದ. ಅವನು ಆಗಲೇ ಎರಡು ಸಲ ಕಂಬದ ಬಳಿ ನಿಂತಿದ್ದ. ಸುಮ್ಮನೆ ಕೊಡ ಎತ್ತಿಕೊಂಡು ಬಾವಿಗೆ ಹೋದ.

ಅಂದು ಅವನು ಬಾರಿಸಿದ್ದರೆ ಒಂದು ಹೊಸ ದಾರ ಬರುತ್ತಿತ್ತು, ಅಷ್ಟೇ. ಒಂದು ಮೊಳ ದಾರ. ನನಗೆ ಈ ಕತೆಯಲ್ಲಿ ಹೊಟ್ಟೆ ಉರಿಯುವುದು ಇಲ್ಲಿಯೇ.

ಅದಾಗಿ ವಾರ ಕಳೆಯುವುದರಲ್ಲಿ ಪಾರುಪತ್ಯಗಾರನಿಗೇ ಜ್ವರ ಬಂತು. ಆ ರೋಗಿಗಳ ಮನೆಯಲ್ಲೇ ಒಂದು ಮಂಚದ ಮೇಲೆ ಮಲಗಿದ. ಮಧ್ಯಾಹ್ನ ಆರೈಕೆಯ ಹೆಂಗಸೊಬ್ಬಳು ಕಷಾಯ ತಂದಳು. ಒಂಬತ್ತು ವರ್ಷದಿಂದ ಅಲ್ಲಿದ್ದವಳು, ಗಂಡ ಸತ್ತವಳು, ಆ ಮನೆ ಬಿಟ್ಟರೆ ಹೋಗಲು ಬೇರೆ ಜಾಗವಿಲ್ಲದವಳು. ಅವಳ ಬೆರಳು ದಾರಕ್ಕಾಗಿ ತಡಕಿತ್ತು. ದಾರ ಸಿಗಲಿಲ್ಲ, ಆದ್ದರಿಂದ ಇದೇ ಕಷಾಯ ಎಂದುಕೊಂಡಿದ್ದಳು. ಕುಡಿಸಿದಳು. ಬಟ್ಟಲು ಖಾಲಿಯಾದ ಮೇಲೆ ಅವಳ ಮೂಗಿಗೆ ವಾಸನೆ ಬಡಿಯಿತು.

ಅವನಿಗೆ ಅವಳ ಮುಖ ಬಿಳಿಚಿದ್ದು ಕಂಡಿತು. ಏನೆಂದು ಕೇಳಲು ಬಾಯಿ ತೆರೆದ. ನಾಲಗೆ ಏಳಲಿಲ್ಲ. ಆಗ ಅವನಿಗೆ ಗೊತ್ತಾಯಿತು.

ಹೊತ್ತು ಬಹಳವಿರಲಿಲ್ಲ. ಕೂಡಲೇ ವಾಂತಿ ಮಾಡಿಸಿ ಪ್ರತಿಮದ್ದು ಕೊಟ್ಟರೆ ಉಳಿಯುತ್ತಾನೆ. ಅದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಎತ್ತಿ ಹಿಡಿಯಬೇಕು, ಒಬ್ಬರು ನೀರು ತರಬೇಕು, ಒಬ್ಬರು ಮದ್ದು ಅರೆಯಬೇಕು. ಗಂಟೆ ಹತ್ತು ಹೆಜ್ಜೆ ದೂರದಲ್ಲಿತ್ತು.

ಅವಳು ಗಂಟೆಯತ್ತ ನಾಲ್ಕು ಹೆಜ್ಜೆ ಇಟ್ಟಳು. ನಿಂತಳು. ಹಿಂದೆ ಬಂದಳು. ಅವನ ತುಟಿಯ ಮೇಲಿದ್ದ ಕಪ್ಪು ಹನಿಯನ್ನು ಸೆರಗಿನಿಂದ ಒರೆಸಿದಳು. ಬಟ್ಟಲನ್ನು ಮಂಚದ ಕೆಳಕ್ಕೆ ಸರಿಸಿದಳು. ಹೊದಿಕೆಯನ್ನು ಅವನ ಕುತ್ತಿಗೆಯವರೆಗೆ ಎಳೆದಳು. ಆ ಮನೆಯಲ್ಲಿ ಹೊದಿಕೆ ಎಳೆಯುವುದೆಂದರೆ ಏನೆಂದು ಅವನಿಗೆ ತಿಳಿದಿರಲಿಲ್ಲ. ಅಂದು ತಿಳಿಯಿತು. ಸತ್ತರೆ ಜ್ವರದಿಂದ ಸತ್ತನೆಂದು ಊರು ನಂಬುತ್ತದೆ. ಅದು ಅವಳಿಗೂ ಗೊತ್ತು, ಅವನಿಗೂ ಗೊತ್ತು.

ಅವಳು ಅವನ ಮುಖದ ಮೇಲೆ ಬಾಗಿದಳು.

"ಯಜಮಾನ್ರೇ, ಗಂಟೆ ಬಾರಿಸ್ಲಾ? ನಂದು ಇದು ಮೂರನೇ ಸಲ. ಬಾರಿಸಿದ್ರೆ ನನ್ನ ಹೊರಗೆ ಹಾಕ್ತೀರಾ?"

ನೋಡು ಅಡಿವೆಯ್ಯ, ಅವನ ಪ್ರಾಣ ಉಳಿಸಲು ಅವನದೇ ಅಪ್ಪಣೆ ಕೇಳುವಷ್ಟು ಅವಳನ್ನು ಹೆದರಿಸಿಟ್ಟಿದ್ದ. ಇಲ್ಲ ಎಂಬ ಒಂದು ಮಾತು ಸಾಕಿತ್ತು. ದಿನವಿಡೀ ಅಪ್ಪಣೆ ಮಾಡುತ್ತಿದ್ದ ನಾಲಗೆಗೆ ಅದೊಂದು ಮಾತು ಬರಲಿಲ್ಲ. ಕೈ ಎತ್ತಲು ನೋಡಿದ. ಕೈಯೂ ಜೋಮು ಹಿಡಿದಿತ್ತು. ಕಣ್ಣಿನಿಂದ ನೀರು ಇಳಿಯಿತು.

ಅವಳು ಓಡಿ ಹೋಗಿ ಹಗ್ಗ ಜಗ್ಗಿದಳು. ಬಟ್ಟೆ ಸುತ್ತಿದ ಗಂಟೆ 'ದಬ್' ಎಂದಿತು. ಮತ್ತೆ ಜಗ್ಗಿದಳು. ಬಾಗಿಲುಗಳ ಸಂದಿಯಿಂದ ತಲೆಗಳು ಇಣುಕಿದವು. ಯಾರೂ ಬರಲಿಲ್ಲ. ಹತ್ತಿರ ಹೋದವರ ಹೆಸರೂ ತಪ್ಪಿಗೆ ಅಂಟುತ್ತದೆ ಎಂದು ಎಲ್ಲರೂ ಅಷ್ಟು ದಿನದಲ್ಲಿ ಕಲಿತಿದ್ದರು. ಅವಳು ಹಗ್ಗ ಬಿಟ್ಟು ಎದೆ ಬಡಿದುಕೊಂಡು ಕಿರುಚಿದಳು:

"ತಪ್ಪು ನಂದು! ನಂದೊಂದೇ! ಕಂಬಕ್ಕೆ ನಾನು ನಿಲ್ತೀನಿ, ನೀವು ಬನ್ನಿ! ಯಜಮಾನ್ರು ಸಾಯ್ತಾವ್ರೆ!"

ಆಗ ಬಂದರು. ಎತ್ತಿ ಹಿಡಿದರು, ವಾಂತಿ ಮಾಡಿಸಿದರು, ಪ್ರತಿಮದ್ದು ಅರೆದು ಹಾಕಿದರು. ಅವನ ಉಸಿರು ಎರಡು ಸಲ ನಿಂತಂತಾಗಿ ಮತ್ತೆ ಬಂತು. ಅವಳು ಮಾತ್ರ ಕೆಲಸ ಮುಗಿದದ್ದೇ ಹೋಗಿ ಕಂಬದ ಬಳಿ ನಿಂತಳು. ಬಾ ಎಂದರೆ ಬರಲಿಲ್ಲ. ದೀಪ ಹಚ್ಚುವವರೆಗೂ ನಿಂತಳು.

ಮೂರನೆಯ ದಿನ ಅವನು ಎದ್ದು ಕೂತ. ಎಲ್ಲರನ್ನೂ ಸನ್ನೆ ಮಾಡಿ ಕರೆಸಿದ. ಹಳೆಯ ವೈದ್ಯನ ಕಾಲದಲ್ಲಿ ಕೂರುತ್ತಿದ್ದಂತೆ ಎಲ್ಲರೂ ಕೂತರು. ನೀರು ಹೊರುವವನು ಅಳುತ್ತಾ ಹೇಳಿದ, ದಾರ ಬಿದ್ದದ್ದು ತನಗೆ ಮೊದಲೇ ಗೊತ್ತಿತ್ತು ಎಂದು. ಪಾರುಪತ್ಯಗಾರ ಅವನನ್ನು ಬೈಯಲಿಲ್ಲ. ಬೈಯಲು ಅವನಿಗೆ ಮುಖವೂ ಇರಲಿಲ್ಲ. ಎದ್ದು, ಗೋಡೆ ಹಿಡಿದುಕೊಂಡು ಕಂಬದವರೆಗೆ ನಡೆದು, ಗಂಟೆಯ ಬಟ್ಟೆ ಬಿಚ್ಚಿದ. ಹಗ್ಗವನ್ನು ತಾನೇ ಒಮ್ಮೆ ಜಗ್ಗಿದ. ನಾಲಗೆ ಅವನಿಗೆ ಕೊನೆಯವರೆಗೂ ಸರಿಯಾಗಿ ತಿರುಗಲಿಲ್ಲ. ಅಂದಿನಿಂದ ವಾರಕ್ಕೆ ಮೂರು ನಾಲ್ಕು ಸಲ ಗಂಟೆ ಬಾರಿಸುತ್ತಿತ್ತು, ಊರವರು ನಗುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಯ್ಯ ಉಸಿರು ಬಿಟ್ಟ.

"ಆ ತಾಯಿಯ ಧೈರ್ಯ ದೊಡ್ಡದು, ಗುರುಗಳೇ. ಪುಣ್ಯಕ್ಕೆ ನಮ್ಮ ಮನೆಯಲ್ಲಿ ಅಂಥ ಮುಚ್ಚುಮರೆ ಏನೂ ಇಲ್ಲ. ಹಾಗಾದರೆ ಗಂಟೆಯನ್ನು..."

ಅವನ ಮಾತು ಮುಗಿಯುವ ಮೊದಲೇ ಗುರುಗಳು ಎದ್ದರು.

"ಬೆಳಗ್ಗೆ ನಿನ್ನ ಮೂರನೆಯ ಮಂಚದ ಅಜ್ಜನ ಹೊದಿಕೆ ಸರಿಸಿ ನೋಡಿದೆ, ಮೊಣಕೈಗೆ ಅರಿಶಿನ ಹಚ್ಚಿತ್ತು."