ಹಾಲಪ್ಪನ ಮೆಟ್ಟು

ಹೊಳೆದಂಡೆಯ ಆ ಮಠದಲ್ಲಿ ರೋಗಿಗಳಿಗೆಂದೇ ಒಂದು ಸಾಲುಮನೆ ಇತ್ತು. ಔಷಧ ಕೊಡುವವರು ವೈದ್ಯರು. ರೋಗಿಗಳ ಮನಸ್ಸು ನೋಡಿಕೊಳ್ಳುವ ಕೆಲಸವನ್ನು ಗುರುಗಳು ಶಿಷ್ಯ ಚೆನ್ನವೀರನಿಗೆ ಒಪ್ಪಿಸಿದ್ದರು.

ಕುರಿ ಕಾಯುವ ಹಾಲಪ್ಪನನ್ನು ಅಲ್ಲಿಗೆ ಕಂಬಳಿಯಲ್ಲಿ ಹೊತ್ತು ತಂದಿದ್ದರು. ಬಂಡೆಯಿಂದ ಬಿದ್ದು ಅವನ ಸೊಂಟದ ಕೆಳಗೆಲ್ಲ ಸತ್ತುಹೋಗಿತ್ತು. ಇನ್ನು ನಡೆಯುವ ಮಾತಿಲ್ಲ ಎಂದು ವೈದ್ಯರು ಚೆನ್ನವೀರನ ಕಿವಿಯಲ್ಲಿ ಹೇಳಿದರು.

ಅದನ್ನು ಹಾಲಪ್ಪನಿಗೆ ತಿಳಿಸಲು ಚೆನ್ನವೀರನಿಗೆ ಬಾಯಿ ಬರಲಿಲ್ಲ. ಬದಲಿಗೆ ದಿನಾ ಬೆಳಿಗ್ಗೆ ಅವನ ಕಾಲಿನ ದಪ್ಪ ಚರ್ಮದ ಮೆಟ್ಟಿನ ಧೂಳು ಒರೆಸಿ, ಹಾಸಿಗೆಯಿಂದ ಕಾಣುವಂತೆ ಹೊಸ್ತಿಲಾಚೆ, ದಾರಿಗೆ ಮುಖ ಮಾಡಿ ಇಡುತ್ತಿದ್ದ. ಇನ್ನೇನು ಎದ್ದು ಓಡಾಡುತ್ತೀ ಬಿಡು ಅನ್ನುತ್ತಿದ್ದ. ಒಳ್ಳೆಯದಕ್ಕೇ ಹೇಳಿದ ಸುಳ್ಳು ನಾಲಿಗೆಗೆ ಬಲು ಹಗುರ.

ಹಾಲಪ್ಪ ನಗುತ್ತಿದ್ದ, ಹೂಂ ಅನ್ನುತ್ತಿದ್ದ. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿ ಮಲಗುತ್ತಿದ್ದ.

ಬರಬರುತ್ತ ಗಂಜಿಯನ್ನೂ ಬಿಟ್ಟ. ಮೈ ಕಡ್ಡಿಯಾಯಿತು. ಹೀಗೇ ಆದರೆ ಉಳಿಯುವುದಿಲ್ಲ ಎಂದರು ವೈದ್ಯರು. ಚೆನ್ನವೀರ ಗುರುಗಳ ಬಳಿ ಓಡಿ, ಒಂದೂ ಮುಚ್ಚಿಡದೆ ಹೇಳಿಕೊಂಡ.

ಗುರುಗಳು ಎದ್ದು ಬಂದರು. ಹೊಸ್ತಿಲಲ್ಲಿ ಬಗ್ಗಿ ಆ ಮೆಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಊರಿಗೆಲ್ಲ ವಿಭೂತಿ ಹಚ್ಚುವ ಕೈಗಳು ಅವು.

ಹಾಲಪ್ಪ ಹೌಹಾರಿದ. "ಬ್ಯಾಡ್ರಿ ಅಪ್ಪಾರ, ಮುಟ್ಟಬ್ಯಾಡ್ರಿ."

ಗುರುಗಳು ಹಾಸಿಗೆಯ ಅಂಚಿನಲ್ಲಿ ಕೂತು ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡರು.

"ಇವನ್ನ ಏನ್ ಮಾಡೂಣು, ಹಾಲಪ್ಪ?"

ಹಾಲಪ್ಪ ಅವನ್ನೇ ನೋಡಿದ.

"ಇನ್ನ ಇವು ನನಗ ಬೇಕಾಗೂದಿಲ್ಲ, ಹೌದಲ್ರಿ?"

"ಹೌದಪ್ಪ."

ಹಾಲಪ್ಪ ಮೆಟ್ಟನ್ನು ಇಸಿದುಕೊಂಡು ಎದೆಗವಚಿಕೊಂಡ. ಸಾಲುಮನೆಗೆಲ್ಲ ಕೇಳುವಂತೆ ಅತ್ತ. ಪಕ್ಕದ ಹಾಸಿಗೆಯ ಮುದುಕ ಅಂಗೈಯಲ್ಲೇ ಕಣ್ಣು ಒರೆಸಿಕೊಂಡ.

ಚೆನ್ನವೀರನಿಗೆ ತಡೆಯಲಾಗಲಿಲ್ಲ. ಗುರುಗಳ ಹಿಂದೆಯೇ ಅಂಗಳಕ್ಕೆ ಬಂದ. ಸಂಕಟವೂ ಇತ್ತು, ಸಿಟ್ಟೂ ಇತ್ತು.

"ನಗತಿದ್ದ ಮನಶ್ಯಾನ್ನ ಅಳಿಸಿಬಿಟ್ರಿ, ಅಪ್ಪಾರ. ಇನ್ನ ನಾ ಏನಂತ ಸಮಾಧಾನ ಮಾಡ್ಲಿ?"

ಒಳಗೆ ಅಳು ಇನ್ನೂ ನಿಂತಿರಲಿಲ್ಲ. ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟರು.

"ಇಷ್ಟು ದಿನ ನಕ್ಕು ನಕ್ಕು ಅಂವಾ ನಿನ್ನ ಸಮಾಧಾನ ಮಾಡ್ಯಾನ, ಮಗನ. ಭಾಳ ದಣದಾನ. ಹೋಗು, ಸುಮ್ಮನ ಅವನ ಮಗ್ಗಲಾಗ ಕೂಡು."