ಮಾಡಿದೆ ಬಾವಿ

ಸವೇರಿಪಾಳ್ಯದ ಹಳೆಯ ಇಗರ್ಜಿಯ ಪಕ್ಕದಲ್ಲಿ ಒಂದು ಕಲ್ಲುಬಾವಿ ಇದೆ. ಪಂಚಾಯತಿಯವರು ಅಲ್ಲಿ ನೆಟ್ಟ ಫಲಕದಲ್ಲಿ 'ಮಾಡಿದ ಬಾವಿ' ಎಂದು ಬರೆದಿದ್ದಾರೆ, ಉಳಿದ ಬಾವಿಗಳೆಲ್ಲ ತಾವಾಗಿಯೇ ಹುಟ್ಟಿದವೇನೋ ಎಂಬಂತೆ. ಅದರ ನಿಜವಾದ ಹೆಸರು 'ಮಾಡಿದೆ ಬಾವಿ'. ಆ ಹೆಸರು ಬಂದ ಬಗೆಯನ್ನು ಮೇಲಿನ ಕೇರಿಯವರು ಹೇಳುವುದಿಲ್ಲ. ಕೆಳಗಿನ ಕೇರಿಯವರು ಮರೆಯುವುದಿಲ್ಲ.

ಹಿಂದೆ ಒಮ್ಮೆ ಈ ಬಾವಿಯ ಹಗ್ಗ ಮೇಲಿನ ಕೇರಿಯ ಉಪದೇಶಿ ಇನ್ನಾಸಪ್ಪನ ವಶದಲ್ಲಿತ್ತು. ಮಕ್ಕಳಿಗೆ ಜಪ ಕಲಿಸುವುದು ಅವನ ಕೆಲಸ. ಎರಡೂ ಕೇರಿಯವರು ಒಂದೇ ನೀರಿನಲ್ಲಿ ಸ್ನಾನದೀಕ್ಷೆ ಪಡೆದ ಕ್ರೈಸ್ತರೇ. ಆದರೂ ಕೆಳಗಿನ ಕೇರಿಯವರು ಹಗ್ಗ ಮುಟ್ಟುವಂತಿರಲಿಲ್ಲ. ಅವರು ದೂರದಲ್ಲಿ ಕಾದು ನಿಲ್ಲಬೇಕು, ಉಪದೇಶಿ ಸೇದಿ ಎತ್ತರದಿಂದ ಸುರಿಯಬೇಕು. ಶಿಲುಬೆಯ ನೆರಳಿನಲ್ಲೇ ನಡೆಯುತ್ತಿದ್ದ ಹೊಲಸು ಇದು. ಕೆಳಗಿನ ಕೇರಿಗೆ ಜ್ವರ ಬಂದ ವರ್ಷ ಮೇಲಿನವರು ಹೆದರಿ, ಆ ಜನರಿಗೆ ನೀರು ಕೊಡಬೇಡ ಎಂದರು. ಅಂದು ಮಧ್ಯಾಹ್ನ ಜ್ಞಾನಮ್ಮ ಬಿಂದಿಗೆ ಹಿಡಿದು ಬಂದು, "ಉಪದೇಶಿಗಳೇ, ಮಗಳು ಬಾಯಾರಿ ಒದ್ದಾಡ್ತಾವ್ಳೆ, ಒಂದೇ ಬಿಂದಿಗೆ" ಎಂದು ಕೂಗಿದಳು. ಇನ್ನಾಸಪ್ಪ ಕೇಳಿಸಿಕೊಂಡ. ಹಗ್ಗ ಬಿಚ್ಚಿ ಹೆಗಲಿಗೆ ಸುತ್ತಿಕೊಂಡು ಮನೆಗೆ ನಡೆದ. ಸಂಜೆಯೊಳಗೆ ಅವಳ ಮಗಳು ಅರುಳಮ್ಮ ಸತ್ತಳು.

ಶುಭಶುಕ್ರವಾರಕ್ಕೆ ಮುಂಚಿನ ಉಪವಾಸದ ತಪಸ್ಸುಕಾಲದಲ್ಲಿ ಕುದುರೆಯೇರಿ ಇಗರ್ಜಿಯ ಗುರುಗಳು ಬಂದರು. ಇನ್ನಾಸಪ್ಪ ಪಾಪನಿವೇದನೆಗೆ ಮಂಡಿಯೂರಿ, "ಬಾವಿಯ ವಿಷಯದಲ್ಲಿ ತಪ್ಪಾಯ್ತು ಸ್ವಾಮಿ" ಎಂದ. ಯಾವ ತಪ್ಪು ಎಂದು ಗುರುಗಳು ಕೇಳಲಿಲ್ಲ, ಇವನೂ ಹೇಳಲಿಲ್ಲ. ಗುರುಗಳು ವಿಧಿಸಿದ ಹತ್ತು ಜಪ ಹೇಳಿ ಹಗುರಾಗಿ ಬಂದವನು ಬಾವಿಗೆ ಬಗ್ಗಿ, "ತಪ್ಪಾಯ್ತು ದೇವರೇ" ಎಂದು ಉಸುರಿದ. ಒಳಗಿನಿಂದ "ಆಯ್ತು... ಆಯ್ತು..." ಎಂದು ಮರುದನಿ ಬಂತು. ಸಾಕು ಹೋಗು ಎನ್ನುವಂಥ ದನಿ, ಅದೂ ಎಳೆಯ ಹೆಣ್ಣುಮಗಳದು. ಅಂದಿನಿಂದ ಮಧ್ಯಾಹ್ನವಾದರೆ ಸಾಕು, ಯಾರೂ ಬಗ್ಗದಿದ್ದರೂ ಬಾವಿ "ಆಯ್ತು" ಎನ್ನುತ್ತಿತ್ತು. ಅದು ಅವನೊಬ್ಬನಿಗೆ ಮಾತ್ರ ಕೇಳಿಸುತ್ತಿತ್ತು ಎನ್ನುತ್ತಾರೆ. ಲೋಟ ಬಾಯಿಗಿಟ್ಟರೆ ಗಂಟಲಲ್ಲಿ ನೀರು ಇಳಿಯದಾಯಿತು.

ಶುಭಶುಕ್ರವಾರ ಊರೆಲ್ಲ ಶಿಲುಬೆಗೆ ಮುತ್ತಿಡಲು ಸಾಲು ನಿಂತಿದ್ದಾಗ ಇನ್ನಾಸಪ್ಪ ಸಾಲು ಬಿಟ್ಟು ಕೆಳಗಿನ ಕೇರಿಗೆ ಇಳಿದ. ಜ್ಞಾನಮ್ಮ ಹೊಸಿಲಲ್ಲಿ ಕೂತಿದ್ದಳು. "ತಪ್ಪಾಯ್ತು ಜ್ಞಾನಮ್ಮ" ಎಂದ.

"ಏನಾಯ್ತು? ಮಳೆ ಆಯ್ತು, ಊಟ ಆಯ್ತು, ಹಂಗೇ ತಪ್ಪೂ ಆಯ್ತಾ? ತಾನಾಗೇ ಆಗೋಯ್ತಾ? ಮಾಡಿದೋನು ಯಾರಯ್ಯಾ?" ಎಂದಳು ಅವಳು. "ಇಲ್ಲಿ ಗುಸುಗುಸು ಬ್ಯಾಡ. ಬಾವಿ ಹತ್ರ ಹೇಳು, ಎಲ್ಲಾರೂ ಕೇಳ್ಲಿ."

ಎರಡೂ ಕೇರಿಯವರು ಬಾವಿಯ ಸುತ್ತ ಸೇರಿದರು. "ಉಪದೇಶಿಗೆ ಜ್ವರ ತಲೆಗೇರೈತೆ, ಹಿಡ್ಕೊಳ್ರೋ" ಎಂದು ಮೇಲಿನವನೊಬ್ಬ ನಕ್ಕ. ಇನ್ನಾಸಪ್ಪ ಕಟ್ಟೆ ಹಿಡಿದು ಬಾವಿಗೆ ಬಗ್ಗಿದ. ಎಲ್ಲರಿಗೂ ಕೇಳುವಂತೆ ಕೂಗಿದ: "ಹಗ್ಗ ಬಿಚ್ಚಿದೋನು ನಾನು. ಅವಳ ಕೂಗು ಕೇಳಿಯೂ ಹೋದೆ. ನಾನೇ ಮಾಡಿದೆ!"

"ಮಾಡಿದೆ... ಮಾಡಿದೆ..." ಎಂದಿತು ಬಾವಿ. ಈ ಸಲ ಎಲ್ಲರಿಗೂ ಕೇಳಿಸಿತು. ನಾನು ಮಾಡಿದೆ ಎನ್ನುವುದಕ್ಕೂ ನೀನು ಮಾಡಿದೆ ಎನ್ನುವುದಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಮಾತು. ಸುತ್ತ ನಿಂತ ಮೇಲಿನವರು, ನಗುತ್ತಿದ್ದವನೂ ಸೇರಿ, ಒಬ್ಬೊಬ್ಬರಾಗಿ ಹಿಂದೆ ಸರಿದರು. ಇನ್ನಾಸಪ್ಪ ಕಟ್ಟೆಯ ಬುಡದಲ್ಲಿ ಕೂತ. ಜ್ಞಾನಮ್ಮ ಮುಂದೆ ಬಂದು, ಹುಟ್ಟಿದಂದಿನಿಂದ ಮುಟ್ಟದ ಹಗ್ಗ ಹಿಡಿದು ನೀರು ಸೇದಿದಳು. "ಕೈ ಒಡ್ಡು" ಎಂದಳು. ಅವನು ಬೊಗಸೆಯೊಡ್ಡಿದ. ಅವಳು ಎತ್ತರದಿಂದ ಸುರಿಯಲಿಲ್ಲ. ಬಿಂದಿಗೆಯ ಬಾಯಿ ಅವನ ಬೆರಳಿಗೆ ತಾಗುವ ತನಕ ಇಳಿಸಿದಳು. ನೀರು ಅವನ ಗಂಟಲಲ್ಲಿ ಇಳಿಯಿತು. ಕ್ಷಮಿಸಿದೆ ಎಂದು ಅವಳು ಹೇಳಿದ್ದನ್ನು ಯಾರೂ ಕೇಳಿಲ್ಲ.

ಇಂದಿಗೂ ಹೋದವರು ನೋಡಬಹುದು. ಕಟ್ಟೆಯ ಮೇಲೆ ಕೆಳಗಿನ ಕೇರಿಯ ಬದಿಯಲ್ಲಿ ಹಗ್ಗ ಸವೆಸಿದ ಆಳವಾದ ಗೆರೆಗಳಿವೆ. ಇಗರ್ಜಿಯ ಹಿಂದೆ ಸ್ಮಶಾನದ ನಡುವೆ ಗೋಡೆಯೂ ಇದೆ, ಒಂದು ಬದಿ ಮೇಲಿನವರಿಗೆ, ಇನ್ನೊಂದು ಕೆಳಗಿನವರಿಗೆ. ಇನ್ನಾಸಪ್ಪನ ಗೋರಿ ಕೆಳಗಿನ ಬದಿಯಲ್ಲಿದೆ. ಯಾತ್ರಿಕರು ಬಾವಿಗೆ ಬಗ್ಗಿ "ತಪ್ಪಾಯ್ತು" ಎಂದು ಕೂಗುತ್ತಾರೆ. ಅದು "ಆಯ್ತು, ಆಯ್ತು" ಎನ್ನುತ್ತದೆ. ನಗುತ್ತಾ ಹೋಗುತ್ತಾರೆ. ಆ ಗೋಡೆ ಕಟ್ಟಿದವರ ಮನೆತನದವರು ಮಾತ್ರ ಯಾರೂ ಈ ತನಕ ಬಾವಿಗೆ ಬಗ್ಗಿಲ್ಲ.